ನೂಲಿನ ಊರು, ಬಲೆಯ ಊರು

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಎಣ್ಣೆಯ ಡಬ್ಬಿಗೆ ಒಂದು ಗೊತ್ತಾದ ಮೂಲೆ ಇರುತ್ತದೆ. ವಿದ್ಯುನ್ಮಗ್ಗದ ಕೀಲುಗಳು ಎಣ್ಣೆಯಿಲ್ಲದೆ ಓಡವು. ಆದರೆ ಅದೇ ಎಣ್ಣೆಯ ಒಂದು ಹನಿ ಹಾಸಿನ ಮೇಲೆ ಬಿದ್ದಿತೆಂದರೆ ಆ ಸೀರೆಯ ಬೆಲೆ ಅಲ್ಲಿಗೇ ಇಳಿಯಿತು. ಕಲೆಯನ್ನು ತಿಕ್ಕಿದಷ್ಟೂ ಅದು ಅಕ್ಕಪಕ್ಕದ ಎಳೆಗಳಿಗೆ ಹಬ್ಬುತ್ತದೆ. ತಿಕ್ಕದೆ, ಮೆಲ್ಲನೆ ಒತ್ತಿ ಹೀರಿಸಬೇಕು. ನೇಕಾರರ ಮನೆಯ ಹುಡುಗಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಊರಿಗೂ ಪಡುವಣ ಕಡಲಿಗೂ ನಡುವೆ ಬಹುದೂರದ ನೆಲವಿದೆ, ಸಹ್ಯಾದ್ರಿಯ ಗೋಡೆಯಿದೆ. ಊರಿನ ಪಕ್ಕದಲ್ಲಿ ಹರಿಯುವ ಕೃಷ್ಣೆಯಾದರೋ ಆ ಕಡಲಿನ ಸಮೀಪದಲ್ಲಿಯೇ, ಮಹಾಬಲೇಶ್ವರದಲ್ಲಿ ಹುಟ್ಟಿಯೂ, ಅದಕ್ಕೆ ಬೆನ್ನು ತಿರುಗಿಸಿ ಮೂಡಣಕ್ಕೆ ನಡೆದವಳು. ಹೀಗಿರುವಾಗ ಹಡಗೊಂದು ಒಡೆದು ಕಡಲಿಗೆ ತೈಲ ಹರಿಯಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದರೆ, ರಬಕವಿಯ ಓದುಗ ಅದನ್ನು ಪರದೇಶದ ವಾರ್ತೆಯಂತೆ ಓದಿ ಪುಟ ತಿರುವುವುದು ಸಹಜವೇ. ಆದರೆ ಬಲೆಯೂ ನೂಲೇ ಅಲ್ಲವೆ? ನೇಕಾರನದು ಹಾಸು-ಹೊಕ್ಕಿನ ಕೆಲಸ, ಮೀನುಗಾರನದು ಗಂಟಿನ ಕೆಲಸ. ಇಬ್ಬರ ಅನ್ನವೂ ಎಳೆಗೆ ತೂಗಿಕೊಂಡಿದೆ. ಹಡಗಿನ ಕಪ್ಪು ತೈಲ ಮೆತ್ತಿದ ಬಲೆಯನ್ನು ಮತ್ತೆ ಬಳಕೆಗೆ ತರುವುದು ಬಹುತೇಕ ಆಗದ ಮಾತು. ಸೋಪಿಗೆ ಹೋಗದು, ಬಿಸಿಲಿಗೆ ಒಣಗದು. ಮುಂದೆ ಬಿದ್ದ ಮೀನಿಗೂ ವಾಸನೆ ಹತ್ತಿಸುತ್ತದೆ. ಅದನ್ನು ಎಸೆದು ಹೊಸದನ್ನು ಕೊಳ್ಳಬೇಕು. ಕೊಳ್ಳುವ ಹಣ ಎಲ್ಲಿಂದ ಬರಬೇಕೆಂಬುದೇ ಪ್ರಶ್ನೆ.

ಕನ್ನಡ ನಾಡಿನ ಕರಾವಳಿಗೆ ಈ ಕಷ್ಟ ಬಾರದೆ ಬಿಟ್ಟಿಲ್ಲ. 2006ರ ಮೇ 30ರಂದು ಪನಾಮಾ ಧ್ವಜದ ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಕಾರವಾರದ ಎದುರಿಗೆ ಆಯ್ಸ್ಟರ್ ರಾಕ್ ಎಂದು ನಾವಿಕರು ಕರೆಯುವ ಬಂಡೆಗಳ ಸಾಲಿಗೆ ತಗುಲಿ ನಿಂತಿತು. ಹಡಗುಗಳಿಗೆ ಬಂಡೆ ತೋರಿಸುವುದಕ್ಕೆಂದೇ ದೇವಗಡ ದ್ವೀಪದ ಮೇಲೆ ದೀಪಸ್ತಂಭ ನಿಂತಿರುವುದೂ ಅಲ್ಲಿಯೇ. ಮುಂಗಾರು ಹೊಸ್ತಿಲಿಗೆ ಬಂದಿದ್ದ ದಿನಗಳು ಅವು. ಅಲೆಗಳ ಪೆಟ್ಟಿಗೆ ಹಡಗು ನಿಲ್ಲದೆ ಮುರಿಯಿತು. ಅದರ ಯಂತ್ರಕ್ಕೆಂದು ತುಂಬಿದ್ದ ತೈಲ, ಸುಮಾರು 650 ಟನ್ನಿನ ಲೆಕ್ಕದ್ದು, ನೀರಿಗಿಳಿಯತೊಡಗಿತು. ಕಾರವಾರದ ಮರಳಿಗಷ್ಟೇ ಅಲ್ಲ, ಗಡಿ ದಾಟಿ ಗೋವಾದ ದಕ್ಷಿಣ ತುದಿಯ ತೀರಗಳಿಗೂ ಅದು ಹೋಗಿ ಹತ್ತಿತು. ತೈಲಕ್ಕೆ ರಾಜ್ಯಗಳ ಗಡಿ ತಿಳಿಯದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳುವುದು ಮೇಲು. ತೈಲ ಸೋರಿಕೆ ಎಂದೊಡನೆ ಜನರ ಕಣ್ಣಿಗೆ ಕಟ್ಟುವುದು ಕಚ್ಚಾ ತೈಲ ಹೊತ್ತ ದೈತ್ಯ ಟ್ಯಾಂಕರು. ಆದರೆ ಕಾರವಾರಕ್ಕೆ ಬಂದುದು ಟ್ಯಾಂಕರಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪಾಡಿಯ ಎದುರು ಮುಳುಗಿದ ‘ಪ್ರಿನ್ಸೆಸ್ ಮಿರಾಲ್’ ಹೊತ್ತಿದ್ದುದು ಉಕ್ಕಿನ ಸುರುಳಿಗಳನ್ನು. ಅದರಲ್ಲಿದ್ದ ಸಿರಿಯಾ ದೇಶದ 15 ಮಂದಿ ನಾವಿಕರನ್ನು ಕರಾವಳಿ ರಕ್ಷಣಾ ಪಡೆ ಪಾರುಮಾಡಿತಾದರೂ ಅದರ ಹೊಟ್ಟೆಯಲ್ಲಿದ್ದ ಸುಮಾರು 220 ಟನ್ ಇಂಧನ ತೀರದವರ ಎದೆಯ ಮೇಲೆ ಕುಳಿತಿತ್ತು. 2025ರ ಮೇ 25ರಂದು ಕೊಚ್ಚಿಯಿಂದಾಚೆ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ ಕಂಟೇನರುಗಳ ಹಡಗು. ಎರಡು ವಾರ ಕಳೆಯುವಷ್ಟರಲ್ಲಿ, ಜೂನ್ 9ರಂದು, ಕಣ್ಣೂರಿನ ಅಳೀಕ್ಕಲ್‌ನಿಂದಾಚೆ ಬೆಂಕಿ ಹತ್ತಿಕೊಂಡ ‘ವಾನ್ ಹಾಯ್ 503’ ಕೂಡ ಅಂಥದೇ. ಅದರಿಂದ ಬದುಕಿ ಬಂದ 18 ಮಂದಿಯನ್ನು ನೌಕಾಪಡೆಯ ಹಡಗು ಕರೆತಂದುದು ಮಂಗಳೂರಿಗೆ. ಯಾವ ಹಡಗಾದರೂ ತನ್ನ ಯಂತ್ರಕ್ಕೆ ಬೇಕಾದ ದಪ್ಪ ಎಣ್ಣೆಯನ್ನು ನೂರಾರು ಟನ್ ಹೊತ್ತೇ ಸಾಗುತ್ತದೆ. ಮಂಗಳೂರಿಗೆ ಕಚ್ಚಾ ತೈಲದ ಟ್ಯಾಂಕರುಗಳೂ ಬರುತ್ತವೆ. ಮಂಗಳೂರು ಮತ್ತು ಪಾದೂರುಗಳ ನೆಲದಡಿಯಲ್ಲಿ ದೇಶದ ಆಪತ್ಕಾಲಕ್ಕೆಂದು ಕೊರೆದ ತೈಲದ ಗುಹೆಗಳೂ ಇವೆ. ಅಲ್ಲಿ ಕಾವಲು ಬಿಗಿ. ಆಪತ್ತು ಬಂದುದು ಮಾತ್ರ ಯಾರೂ ಎದುರುನೋಡದ ದಾರಿಹೋಕ ಹಡಗುಗಳಿಂದ.

ನೀರಿಗೆ ಬಿದ್ದ ತೈಲ ಏನು ಮಾಡುತ್ತದೆಂಬುದನ್ನು ಅಡುಗೆಮನೆಯ ಭಾಷೆಯಲ್ಲಿಯೇ ಹೇಳಬಹುದು. ಮೊದಲು ಅದು ಸಾರಿನ ಮೇಲಿನ ಒಗ್ಗರಣೆಯಂತೆ ತೆಳುವಾಗಿ ಹರಡುತ್ತದೆ. ಅದರ ಹಗುರವಾದ ಅಂಶ ಒಂದೆರಡು ದಿನಗಳಲ್ಲಿ ಆವಿಯಾಗಿ ಹೋಗುತ್ತದೆ. ತಲೆನೋವು, ಕಣ್ಣುರಿ ತರುವ ವಾಸನೆ ಅದರದೇ. ಉಳಿದ ದಪ್ಪ ಭಾಗವನ್ನು ಅಲೆ ಕಡೆಯುತ್ತದೆ. ಮೊಸರು ಕಡೆದರೆ ಬೆಣ್ಣೆ ಬೇರೆಯಾಗುತ್ತದೆ, ಇಲ್ಲಿ ತಿರುಗುಮುರುಗು. ಕಡೆದಷ್ಟೂ ನೀರು ತೈಲದೊಳಕ್ಕೆ ಸೇರಿ, ಕಂದು ಬಣ್ಣದ ಅಂಟು ಲೋಳೆಯಾಗಿ, ಮೊದಲಿದ್ದುದರ ಮೂರು ನಾಲ್ಕು ಪಾಲು ಉಬ್ಬುತ್ತದೆ. ನೂರು ಟನ್ ಸೋರಿತೆಂದು ಕೇಳಿ ಸಮಾಧಾನ ಪಟ್ಟವರು ತೀರದಲ್ಲಿ ಮುನ್ನೂರು ಟನ್ ಎತ್ತಬೇಕಾದೀತು. ಗಾಳಿಯ ವೇಗದಲ್ಲಿ ನೂರಕ್ಕೆ ಮೂರರಷ್ಟು ವೇಗ ಈ ತೈಲಕ್ಕೆ ಬರುತ್ತದೆ ಎಂಬುದು ತಜ್ಞರ ಲೆಕ್ಕ. ಗಂಟೆಗೆ 30 ಕಿಲೋಮೀಟರಿನ ಗಾಳಿ ಬೀಸುತ್ತಿದ್ದರೆ ತೈಲ ಗಂಟೆಗೆ ಸರಿಸುಮಾರು ಒಂದು ಕಿಲೋಮೀಟರು ನಡೆಯುತ್ತದೆ. ಮುಂಗಾರಿನ ಗಾಳಿ ನೈರುತ್ಯದಿಂದ ನೇರವಾಗಿ ದಡಕ್ಕೇ ಬೀಸುವುದರಿಂದ, ಬಂಡೆಗೆ ತಗುಲಿದ ಹಡಗು ತೀರಕ್ಕೆ ಐದು ಕಿಲೋಮೀಟರು ಸಮೀಪದಲ್ಲಿದ್ದರೆ ಊರಿನವರಿಗೆ ಸಿಕ್ಕುವ ಕಾಲಾವಕಾಶ ಒಂದು ಹಗಲಿನ ಅರ್ಧ ಮಾತ್ರ.

ಆ ಅರ್ಧ ಹಗಲಿನಲ್ಲಿ ಯಾರು ಏನು ಮಾಡಬೇಕೆಂಬುದು ಮೊದಲೇ ಗೊತ್ತಿರದಿದ್ದರೆ ಆಗ ಗೊತ್ತುಮಾಡಿಕೊಳ್ಳುವುದು ಶಕ್ಯವಿಲ್ಲ. 1996ರಿಂದ ಭಾರತದಲ್ಲಿ ಇದಕ್ಕೊಂದು ರಾಷ್ಟ್ರೀಯ ಯೋಜನೆಯಿದೆ. ನಡುಗಡಲಿನಲ್ಲಿ ಕರಾವಳಿ ರಕ್ಷಣಾ ಪಡೆ, ಬಂದರಿನೊಳಗೆ ಬಂದರಿನ ಅಧಿಕಾರಿಗಳು, ತೀರದ ಮೇಲೆ ರಾಜ್ಯ ಸರಕಾರ ಮತ್ತು ಜಿಲ್ಲಾಡಳಿತ ಎಂದು ಕೆಲಸ ಹಂಚಿಕೆಯಾಗಿದೆ. ತೇಲುಬೇಲಿಗಳು, ತೈಲವನ್ನು ಕೆನೆಯಂತೆ ಎತ್ತುವ ಯಂತ್ರಗಳು, ಮಾಲಿನ್ಯ ನಿವಾರಣೆಗೆಂದೇ ಕಟ್ಟಿದ ಹಡಗುಗಳು ಆ ಪಡೆಯ ಬಳಿ ಇವೆ. ಕಾಗದದ ಮೇಲೆ ಇದು ಒಪ್ಪವಾಗಿಯೇ ಇದೆ. ಆದರೆ ಕಡಲಿನ ಮೇಲೆ ತೈಲವನ್ನು ಮೊದಲು ಕಾಣುವವನು ಅಧಿಕಾರಿಯಲ್ಲ, ನಸುಕಿನಲ್ಲಿ ದೋಣಿ ಇಳಿಸಿದ ಮೀನುಗಾರ. ಕರಾವಳಿ ರಕ್ಷಣಾ ಪಡೆಯ 1554 ಎಂಬ ನಾಲ್ಕು ಅಂಕಿ ಅವನ ಬಾಯಲ್ಲಿರಬೇಕು. ಯಾವ ದಿಕ್ಕು, ಎಷ್ಟು ಅಗಲ, ಯಾವ ಬಣ್ಣ, ಎಷ್ಟು ಹೊತ್ತಿಗೆ ಕಂಡಿತು ಎಂದು ಹೇಳಲು ಬರಬೇಕು. ಬಣ್ಣದಿಂದಲೇ ತೈಲದ ದಪ್ಪವನ್ನು ಅಂದಾಜು ಮಾಡಬಹುದು. ಕಾಮನಬಿಲ್ಲಿನಂತೆ ಮಿನುಗುವುದು ಅತಿ ತೆಳುವಾದ ಪೊರೆ. ಕಪ್ಪು ಅಥವಾ ಕಂದಾಗಿ ಕಾಣುವುದೇ ನಿಜವಾದ ವೈರಿ.

ಇನ್ನು ತೀರದಲ್ಲಿ ಎಲ್ಲವನ್ನೂ ಕಾಪಾಡುವುದು ಆಗದ ಕೆಲಸ. ಯಾವುದನ್ನು ಮೊದಲು ಕಾಪಾಡಬೇಕೆಂಬ ಕಠಿಣವಾದ ಆಯ್ಕೆಯನ್ನು ಊರಿನವರು ಶಾಂತಿಯ ದಿನಗಳಲ್ಲಿಯೇ ಕುಳಿತು ಮಾಡಿಟ್ಟುಕೊಳ್ಳಬೇಕು. ತೆರೆದ ಮರಳಿನ ದಂಡೆ ತೈಲವನ್ನು ಹೇಗೋ ಸಹಿಸೀತು. ಸಲಿಕೆಯಿಂದ ಎತ್ತಬಹುದು, ಉಳಿದುದನ್ನು ಅಲೆ ಕಾಲಕ್ರಮೇಣ ತೊಳೆದೀತು. ಅಳಿವೆ ಹಾಗಲ್ಲ. ಕಾಳಿ ನದಿ ಕಡಲು ಸೇರುವಲ್ಲಿ ಕಾಂಡ್ಲಾ ಗಿಡಗಳು ಕೆಸರಿನಿಂದ ಬೇರಿನ ತುದಿಗಳನ್ನು ಮೇಲೆತ್ತಿ ಉಸಿರಾಡುತ್ತವೆ. ಆ ಬೇರಿಗೆ ತೈಲ ಮೆತ್ತಿದರೆ ಗಿಡಕ್ಕೆ ಮೂಗು ಮುಚ್ಚಿದಂತೆ. ಸಿಗಡಿಯ, ಹಲವು ಮೀನುಗಳ ಮರಿಗಳು ಬೆಳೆಯುವ ತೊಟ್ಟಿಲು ಅದೇ ಕೆಸರು. ಹೆಂಗಸರು ಇಳಿತದ ಹೊತ್ತಿನಲ್ಲಿ ಬಗ್ಗಿ ಬಗ್ಗಿ ಬಳಚು ಹೆಕ್ಕುವುದೂ ಅಲ್ಲಿಯೇ. ಆದ್ದರಿಂದ ಇರುವ ಒಂದೇ ತೇಲುಬೇಲಿಯನ್ನು ಪ್ರವಾಸಿಗರು ನಡೆದಾಡುವ ಚೆಂದದ ದಂಡೆಗೆ ಕಟ್ಟದೆ ಅಳಿವೆಯ ಬಾಯಿಗೆ ಓರೆಯಾಗಿ ಕಟ್ಟಬೇಕು. ಹೇಳುವುದಕ್ಕೆ ಸುಲಭ. ದಂಡೆಯ ಮೇಲೆ ಹೋಟೆಲು ಇಟ್ಟವನಿಗೂ ಮತವಿದೆ, ಬಾಯಿಯಿದೆ. ಬಳಚು ಹೆಕ್ಕುವವಳ ದನಿ ಅಷ್ಟು ದೂರ ಕೇಳಿಸುವುದಿಲ್ಲ.

ದಂಡೆಗೆ ತೈಲ ಬಂದ ಮೇಲೆ ಒಳ್ಳೆಯ ಮನಸ್ಸಿನಿಂದಲೇ ಕೆಟ್ಟ ಕೆಲಸಗಳು ನಡೆಯುವುದುಂಟು. 2017ರ ಜನವರಿ 28ರಂದು ಚೆನ್ನೈಯ ಎಣ್ಣೂರಿನ ಬಳಿ ಎರಡು ಹಡಗುಗಳು ಡಿಕ್ಕಿ ಹೊಡೆದವು. ಮೊದಲಿಗೆ ಏನೂ ಸೋರಿಲ್ಲವೆಂಬ ಹೇಳಿಕೆ ಹೊರಟಿತು. ಆಮೇಲೆ ತೀರದುದ್ದಕ್ಕೂ ಕಪ್ಪು ರಾಡಿ. ವಿದ್ಯಾರ್ಥಿಗಳು, ಮೀನುಗಾರರು, ಸ್ವಯಂಸೇವಕರು ಸಾಲಾಗಿ ನಿಂತು ಬಕೆಟ್ಟುಗಳಲ್ಲಿ ಅದನ್ನು ತೋಡಿದ ಚಿತ್ರವನ್ನು ದೇಶವೆಲ್ಲ ನೋಡಿತು. 2023ರ ಡಿಸೆಂಬರಿನಲ್ಲಿ ಚಂಡಮಾರುತದ ನೆರೆಯೊಡನೆ ಸಂಸ್ಕರಣಾಗಾರದ ಕಡೆಯಿಂದ ತೈಲ ಹರಿದು ಅದೇ ಎಣ್ಣೂರಿನ ಹಿನ್ನೀರಿಗೆ ಸೇರಿದಾಗ ಮತ್ತೆ ಅದೇ ಬಕೆಟ್ಟು, ಅದೇ ಬರಿಗೈ. ಅವರ ಧೈರ್ಯವನ್ನು ಮೆಚ್ಚಬೇಕು. ಅವರ ಕೈಗೆ ಕೈಗವಸನ್ನೂ ಕಾಲಿಗೆ ಬೂಟನ್ನೂ ಮೊದಲೇ ಒದಗಿಸದವರನ್ನು ಮೆಚ್ಚಲಾಗದು. ಏಳು ವರ್ಷ ತುಂಬುವುದರೊಳಗೆ ಒಂದು ಊರು ಎರಡು ಸಲ ಬರಿಗೈಯಲ್ಲಿ ತೈಲ ತೋಡಬೇಕಾಗಿ ಬಂದುದನ್ನು ಅಪಘಾತವೆಂದು ಕರೆಯುವುದು ಕಷ್ಟ. ಬರಿಮೈಗೆ ತಗುಲಿದ ತೈಲವನ್ನು ಸೀಮೆಎಣ್ಣೆಯಿಂದ ತೊಳೆಯುವ ರೂಢಿ ಬಹಳ ಕಡೆ ಇದೆ. ಅದು ಚರ್ಮಕ್ಕೆ ಇನ್ನೊಂದು ಪೆಟ್ಟು. ಅಡುಗೆಯ ಎಣ್ಣೆ ಸವರಿ ಒರೆಸಿ ಆಮೇಲೆ ಸೋಪು ಹಚ್ಚುವುದು ಲೇಸು. ಆವಿ ಏಳುತ್ತಿರುವ ಮೊದಲ ದಿನ ಗರ್ಭಿಣಿಯರನ್ನೂ ಮಕ್ಕಳನ್ನೂ ದಂಡೆಗೆ ಬಿಡಲೇಬಾರದು.

ಮತ್ತೊಂದು ತಪ್ಪು ಅವಸರದ್ದು. ತೈಲ ಇನ್ನೂ ಬರುತ್ತಿರುವಾಗಲೇ ಟ್ರ್ಯಾಕ್ಟರು, ಜೆಸಿಬಿಗಳನ್ನು ಮರಳಿಗೆ ಇಳಿಸುತ್ತಾರೆ. ಗಾಲಿಗಳು ಮೇಲಿನ ತೈಲವನ್ನು ಒಂದು ಮೊಳ ಆಳಕ್ಕೆ ತುಳಿದು ಹೂಳುತ್ತವೆ. ಒಂದು ಬುಟ್ಟಿ ತೈಲಕ್ಕೆ ಹತ್ತು ಬುಟ್ಟಿ ಒಳ್ಳೆಯ ಮರಳು ಸೇರಿ ಎಲ್ಲವೂ ತ್ಯಾಜ್ಯವಾಗುತ್ತದೆ. ಹೂತ ತೈಲ ಸಾಯುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಕಡಲು ಮರಳನ್ನು ಕೊರೆದಾಗ ಅದು ಪುನಃ ಎದ್ದು ಬರುತ್ತದೆ. ಚಪ್ಪಟೆ ಸಲಿಕೆಯಿಂದ ಮೇಲುಮೇಲಿನದನ್ನು ಮಾತ್ರ ಎತ್ತಿ, ನೀರು ಮುಟ್ಟದ ಕಡೆ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಹಾಕುತ್ತ ಹೋಗುವ ನಿಧಾನದ ಕೂಲಿಯೇ ಸರಿಯಾದುದು. ಆ ಹೊಂಡ ಎಲ್ಲಿ, ಯಾರ ಜಾಗದಲ್ಲಿ ಎಂಬುದು ಕೂಡ ಮೊದಲೇ ತೀರ್ಮಾನವಾಗಬೇಕಾದ ವಿಷಯ. ತಿಕ್ಕಬಾರದು, ಹೀರಿಸಬೇಕು, ರಬಕವಿಯ ಹುಡುಗಿ ಹಾಸಿನ ಮೇಲಿನ ಹನಿಗೆ ಮಾಡುವುದೂ ಇದನ್ನೇ.

ಹೀರಿಸುವ ಮಾತು ಬಂದಾಗ ಹತ್ತಿಯ ಮಾತು ಬಾರದಿರದು. ಮನೆಯಲ್ಲಿ ಮಕ್ಕಳಿದ್ದರೆ ಒಂದು ಸಣ್ಣ ಪ್ರಯೋಗ ಮಾಡಿ ತೋರಿಸಬಹುದು. ಒಂದು ಬಟ್ಟಲು ನೀರಿಗೆ ಔಷಧದ ಅಂಗಡಿಯ ಬಿಳಿಯ ಹತ್ತಿಯ ತುಣುಕನ್ನು ಹಾಕಿದರೆ ಅದು ಕ್ಷಣದಲ್ಲಿ ನೀರು ಕುಡಿದು ಮುಳುಗುತ್ತದೆ. ಇನ್ನೊಂದು ಬಟ್ಟಲಿಗೆ ಬತ್ತಿ ಹೊಸೆಯಲೆಂದು ಗಿಡದಿಂದ ಬಿಡಿಸಿಟ್ಟ ಅರಳೆಯನ್ನು ಹಾಕಿದರೆ ಅದು ನೀರನ್ನು ಒಲ್ಲದೆ ತೇಲುತ್ತದೆ. ಈಗ ಆ ನೀರಿನ ಮೇಲೆ ಒಂದು ಚಮಚ ಎಣ್ಣೆ ಬಿಡಿ: ಅರಳೆ ನೀರನ್ನು ಬಿಟ್ಟು ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಹಸಿ ಹತ್ತಿಯ ನಾರಿನ ಮೇಲೆ ಪ್ರಕೃತಿ ಸವರಿರುವ ತೆಳುವಾದ ಮೇಣವೇ ಇದಕ್ಕೆ ಕಾರಣ. ಔಷಧದ ಹತ್ತಿಯಲ್ಲಿ ಆ ಮೇಣವನ್ನು ಕುದಿಸಿ ತೆಗೆದಿರುತ್ತಾರೆ. ಅಮೆರಿಕದ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಭಾರತ ಮೂಲದ ವಿಜ್ಞಾನಿ ಶೇಷಾದ್ರಿ ರಾಮ್‌ಕುಮಾರ್ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಇಂಥ ಹಸಿ ಹತ್ತಿ ತನ್ನ ತೂಕದ ಮೂವತ್ತು ಪಾಲಿಗೂ ಮಿಕ್ಕಿ ಕಚ್ಚಾ ತೈಲವನ್ನು ಹಿಡಿಯಬಲ್ಲದು. ಅವರು ಆರಿಸಿಕೊಂಡುದು ಉತ್ತಮ ಹತ್ತಿಯನ್ನಲ್ಲ. ಸರಿಯಾಗಿ ಬಲಿಯದೆ, ನೂಲಿಗೆ ಒದಗದೆ, ಪೇಟೆಯಲ್ಲಿ ಕಡಿಮೆ ಬೆಲೆಗೆ ಹೋಗುವ ಹತ್ತಿಯನ್ನು. ಹತ್ತಿ ಬೆಳೆಯುವ ಬಯಲುಸೀಮೆಯ ರೈತ ಈ ಮಾತನ್ನು ಎರಡು ಸಲ ಓದಿಯಾನು.

ಹಾಗೆಂದು ರಬಕವಿಯ ಮಗ್ಗಗಳ ಕೆಳಗೆ ಬಿದ್ದ ಚಿಂದಿನೂಲನ್ನೆಲ್ಲ ಚೀಲಕ್ಕೆ ತುಂಬಿ ಕಾರವಾರಕ್ಕೆ ಸಾಗಿಸಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಗಂಜಿ ಹಾಕಿದ, ಬಣ್ಣ ಏರಿಸಿದ ನೂಲು ಮೇಣ ಕಳೆದುಕೊಂಡು ಎಣ್ಣೆಗಿಂತ ಮೊದಲು ನೀರನ್ನೇ ಕುಡಿದೀತು. ತೈಲ ಹೀರಿದ ಹತ್ತಿಯೂ ತ್ಯಾಜ್ಯವೇ. ಅದನ್ನು ಕೂಡಿಸಿ ಸರಿಯಾದ ಕುಲುಮೆಯಲ್ಲಿ ಸುಡುವ ಏರ್ಪಾಡು ಇಲ್ಲದಿದ್ದರೆ ಒಂದು ಹೊಲಸಿನ ಬದಲು ಎರಡಾದವು. ಕಡಲು ಕಡೆದು ಗಟ್ಟಿಯಾದ ಲೋಳೆಗೆ ಹತ್ತಿ ನಾಟದು, ಅದಕ್ಕೆ ಸಲಿಕೆಯೇ ಗತಿ. ಹತ್ತಿಯ ಉಪಯೋಗ ಅಂಚಿನ ಕೆಲಸಕ್ಕೆ: ಬಂಡೆ ಒರೆಸಲು, ದೋಣಿಯ ಮೈ ಒರೆಸಲು, ಕಾಲುವೆಯ ಬಾಯಿಗೆ ದಿಂಡಿನಂತೆ ಕಟ್ಟಿ ತೆಳುಪೊರೆಯನ್ನು ತಡೆಯಲು. ಈ ಅಂಚಿನ ಕೆಲಸವನ್ನು ಕೀಳೆನ್ನಬಾರದು. 2007ರ ಡಿಸೆಂಬರ್ 7ರಂದು ದಕ್ಷಿಣ ಕೊರಿಯಾದ ತೇಆನ್ ತೀರದ ಎದುರಿಗೆ ಲಂಗರು ಹಾಕಿ ನಿಂತಿದ್ದ ‘ಹೆಬೈ ಸ್ಪಿರಿಟ್’ ಎಂಬ ಟ್ಯಾಂಕರಿಗೆ ಕ್ರೇನು ಹೊತ್ತ ದೋಣಿಯೊಂದು ಬಡಿದು ಸುಮಾರು 10,900 ಟನ್ ಕಚ್ಚಾ ತೈಲ ಕಡಲ ಪಾಲಾಯಿತು. ಆಗ ದೇಶದ ಮೂಲೆಮೂಲೆಗಳಿಂದ ಬಂದ ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಸ್ವಯಂಸೇವಕರು ಚಳಿಗಾಲದ ಕಡಲ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಒಂದೊಂದೇ ಕಲ್ಲನ್ನು ಹಳೆಯ ಬಟ್ಟೆಯಿಂದ ಒರೆಸಿ ಒರೆಸಿ ಇಟ್ಟರು. ಕಡಲನ್ನೇ ಕಾಣದ ಊರುಗಳ ಮನೆಗಳಿಂದಲೂ ಹಳೆಯ ಬಟ್ಟೆಯ ಗಂಟುಗಳು ಬಂದವು.

ಆದರೆ ಅದೇ ತೇಆನ್ ಇನ್ನೊಂದು ಪಾಠವನ್ನೂ ಇಟ್ಟಿದೆ. ಪತ್ರಿಕೆಗಳಲ್ಲಿ ಅದರ ಚಿತ್ರ ಬರುವುದಿಲ್ಲ. ಟ್ಯಾಂಕರಿನ ತೈಲದಿಂದ ಕೆಟ್ಟವರಿಗೆ ಹಡಗಿನ ಒಡೆಯನ ವಿಮೆ ಮೊದಲು, ಅದು ಸಾಲದಿದ್ದರೆ ಲಂಡನ್ನಿನಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ನಿಧಿ ಆಮೇಲೆ ಪರಿಹಾರ ಕೊಡಬೇಕೆಂದು 1992ರ ಒಪ್ಪಂದಗಳಿವೆ. ಭಾರತವೂ ಅವಕ್ಕೆ ಸೇರಿದೆ. ಕೊರಿಯಾದಲ್ಲಿ ಆ ನಿಧಿಯ ಮುಂದೆ ಬಂದ ಕೋರಿಕೆಗಳು 1,27,000ಕ್ಕೂ ಹೆಚ್ಚು. ಕೇಳಿದ ಮೊತ್ತದಲ್ಲಿ ಕೊನೆಗೆ ಒಪ್ಪಿಗೆಯಾದುದು ಸುಮಾರು ಹತ್ತರಲ್ಲೊಂದು ಪಾಲು. ಕೇಳಿದವರೆಲ್ಲ ಸುಳ್ಳುಗಾರರೆಂದಲ್ಲ. ಕಳೆದ ವರ್ಷ ಇದೇ ತಿಂಗಳಲ್ಲಿ ಎಷ್ಟು ಹಿಡಿದೆ, ಎಷ್ಟಕ್ಕೆ ಮಾರಿದೆ ಎಂದು ಕೇಳಿದಾಗ ತೋರಿಸಲು ಅನೇಕರ ಬಳಿ ಚೀಟಿಯಿರಲಿಲ್ಲ. ಕಡಲಿನಿಂದ ಬುಟ್ಟಿಗೆ, ಬುಟ್ಟಿಯಿಂದ ಸಂತೆಗೆ, ಸಂತೆಯಿಂದ ಸೆರಗಿನ ಗಂಟಿಗೆ ಹೋಗುವ ಹಣ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಇಂಥವರ ನಷ್ಟವನ್ನು ಬೇರೆ ದಾರಿಯಿಂದ ಅಂದಾಜು ಮಾಡುವ ಕ್ರಮವನ್ನು ನಿಧಿ ಇಟ್ಟುಕೊಂಡಿದೆಯಾದರೂ ಅದು ತೀರ ಜಿಪುಣವಾದ ದಾರಿ. ಅದಕ್ಕೆ ಅವಧಿಯೂ ಉಂಟು: ನಷ್ಟವಾದಂದಿನಿಂದ ಮೂರು ವರ್ಷ ದಾಟಿದರೆ ಹಕ್ಕು ಹೋಯಿತು. ಮೇಲಾಗಿ ಆ ನಿಧಿ ಟ್ಯಾಂಕರುಗಳ ತೈಲಕ್ಕೆ ಮಾತ್ರ. ಕಾರವಾರಕ್ಕೂ ಉಳ್ಳಾಲಕ್ಕೂ ಬಂದಂಥ ಸರಕು ಹಡಗುಗಳ ವಿಷಯದಲ್ಲಿ ಒಡೆಯನನ್ನೂ ಅವನ ವಿಮೆಯನ್ನೂ ನ್ಯಾಯಾಲಯದ ಮೂಲಕ ಹಿಡಿಯಬೇಕು. ಕೇರಳ ಸರಕಾರ ‘ಎಲ್ಸಾ 3’ರ ವಿಷಯದಲ್ಲಿ 9,531 ಕೋಟಿ ರೂಪಾಯಿಗಳ ಬೇಡಿಕೆಯೊಡನೆ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಆ ನಡುವೆ ತೀರದ ಮೀನುಗಾರ ಕುಟುಂಬಗಳ ಕೈಗೆ ಕೂಡಲೇ ಬಂದುದು ಸಾವಿರ ರೂಪಾಯಿ, ಆರು ಕಿಲೋ ಅಕ್ಕಿ. ಎಣ್ಣೂರಿನಲ್ಲಿ 2023ರ ಸೋರಿಕೆಗೆ ತಮಿಳುನಾಡು ಸರಕಾರ ಬಾಧಿತ ಮೀನುಗಾರ ಕುಟುಂಬಕ್ಕೆ 12,500 ರೂಪಾಯಿಗಳನ್ನೂ ದೋಣಿಯ ದುರಸ್ತಿಗೆ 10,000 ರೂಪಾಯಿಗಳನ್ನೂ ಕೊಟ್ಟಿತು. ದೋಣಿಯ ಒಡೆಯ ಯಾರೆಂಬುದು ದಾಖಲೆಯಿಂದ ತಿಳಿಯುತ್ತದೆ. ದೋಣಿಗೆ ಕೂಲಿಗೆ ಹೋಗುವವನು, ಮೀನು ಹೊರುವವಳು, ಒಣಗಿಸುವವಳು? ಅವರ ಹೆಸರು ಯಾವ ಪಟ್ಟಿಯಲ್ಲಿ?

ರಬಕವಿಯ ಸೀಮೆಗೆ ಇದು ಅಪರಿಚಿತವಾದ ಸಂಕಟವಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಯರಿಬ್ಬರೂ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ ನೆನೆದುದು ಗೋಡೆ ಮಾತ್ರವಲ್ಲ, ಟ್ರಂಕಿನ ತಳದಲ್ಲಿದ್ದ ಕಾಗದಗಳೂ ನೆನೆದವು. ಗೋಡೆ ಬಿದ್ದವನಿಗೆ ಮನೆಯ ಉತಾರ ಬೇಕು, ಮಗ್ಗ ಕೆಟ್ಟವನಿಗೆ ಮಗ್ಗ ತನ್ನದೆಂಬ ದಾಖಲೆ ಬೇಕು; ಬಾಡಿಗೆಯ ಮನೆಯಲ್ಲಿ ಇನ್ನೊಬ್ಬನ ಮಗ್ಗದ ಮೇಲೆ ಕೂಲಿಗೆ ನೇಯುವವನಿಗೆ ಎರಡೂ ಇಲ್ಲ. ಕಡಲ ತೀರದ ಮೀನು ಹೊರುವವಳೂ ನದಿಯ ತೀರದ ಕೂಲಿ ನೇಕಾರನೂ ಒಂದೇ ಸಾಲಿನ ಕೊನೆಯಲ್ಲಿ ನಿಲ್ಲುವವರು.

ತೈಲಕ್ಕಿಂತ ವೇಗವಾಗಿ ಹರಡುವುದೊಂದು ಉಂಟು, ಅದು ವದಂತಿ. ಕೇರಳದಲ್ಲಿ 2025ರಲ್ಲಿ ಹಡಗು ಮುಳುಗಿದ ಸುದ್ದಿ ಬಂದೊಡನೆ ಜನ ಮೀನು ಕೊಳ್ಳಲು ಹಿಂಜರಿದರು; ಮೀನು ತಿನ್ನಲು ಅಡ್ಡಿಯಿಲ್ಲವೆಂದು ಸರಕಾರದವರು ಮೇಲಿಂದ ಮೇಲೆ ಹೇಳಬೇಕಾಯಿತು. ಇಲ್ಲಿ ಗೃಹಿಣಿಯರು ತಿಳಿಯಬೇಕಾದ ಭೇದವೊಂದಿದೆ. ಈಜುವ ಮೀನು ತೈಲದಿಂದ ದೂರ ಸರಿಯಬಲ್ಲದು. ಸ್ವಲ್ಪ ಒಳಗೆ ಹೋದರೂ ಅದರ ಪಿತ್ತಕೋಶ-ಯಕೃತ್ತುಗಳು ಅದನ್ನು ಒಡೆದು ಹೊರಗೆ ಹಾಕುತ್ತವೆ. ಕೆಸರಿನಲ್ಲಿ ನೆಟ್ಟು ಕೂತ ಚಿಪ್ಪುಮೀನಿಗೆ ಓಡಲು ಕಾಲಿಲ್ಲ, ಒಡೆಯುವ ಶಕ್ತಿಯೂ ಅಲ್ಪ; ಹಗಲಿರುಳು ನೀರು ಸೋಸಿ ತಿನ್ನುವ ಅದು ತೈಲದ ಅಂಶಗಳನ್ನು ಮೈಯಲ್ಲಿ ಕೂಡಿಹಾಕುತ್ತದೆ. ಆದ್ದರಿಂದ ಸೋರಿಕೆಯಾದ ಅಳಿವೆಯ ಬಳಚನ್ನು ಪರೀಕ್ಷೆ ಮುಗಿಯುವವರೆಗೆ ಮುಟ್ಟದಿರುವುದು ವಿವೇಕ. ನೂರು ಮೈಲಿಯಾಚೆ ಬಲೆಗೆ ಬಿದ್ದ ಬಂಗುಡೆಯನ್ನು ಬೇಡವೆನ್ನುವುದು ಭಯ. ಯಾವ ಪ್ರದೇಶ ಮುಚ್ಚಿದೆ, ಯಾವಾಗ ತೆರೆಯಿತು, ಯಾವ ಮಾದರಿಯನ್ನು ಪರೀಕ್ಷಿಸಿದರು ಎಂಬುದನ್ನು ಮೀನುಪೇಟೆಯ ಬಾಗಿಲಲ್ಲಿಯೇ ಹಲಗೆಯ ಮೇಲೆ ದಿನದಿನವೂ ಬರೆದು ಹಾಕಿದರೆ, ಮಂತ್ರಿಗಳ ನೂರು ಹೇಳಿಕೆಗಳಿಗಿಂತ ಅದು ಹೆಚ್ಚು ನಂಬಿಕೆ ತಂದೀತು.

ಕರ್ನಾಟಕದ ತೀರದಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ದೋಣಿಗಳು ದಡದಲ್ಲಿರುತ್ತವೆ, ಗಂಡಸರು ಬಲೆ ಹೆಣೆಯುತ್ತ ಕುಳಿತಿರುತ್ತಾರೆ, ಶಾಲೆಗಳು ಆರಂಭವಾಗಿರುತ್ತವೆ. ಬಂಡೆಗೆ ಹಡಗು ತಗುಲುವ ಗಾಳಿಯ ಕಾಲವೂ ಅದೇ, ಊರಿನವರಿಗೆ ಬಿಡುವಿನ ಕಾಲವೂ ಅದೇ. ದೋಣಿಯ ನೋಂದಣಿ, ಡೀಸೆಲ್ ಪುಸ್ತಕ, ಸಹಕಾರಿ ಸಂಘದ ರಸೀದಿಗಳನ್ನು ನೀರು ಹೊಗದ ಚೀಲದಲ್ಲಿ ಹಾಕಿಡಲು, ಬಲೆಗಳ ಚಿತ್ರ ತೆಗೆದು ಮಗನ ಮೊಬೈಲಿನಲ್ಲಿಯೂ ಇನ್ನೊಬ್ಬರದರಲ್ಲಿಯೂ ಇಡಲು ಹೆಚ್ಚು ಖರ್ಚೇನೂ ತಗುಲದು. ಮೀನು ಮಾರುವ ತಾಯಿಗೆ ಓದು ಬರಹ ಬಾರದಿದ್ದರೆ ಏಳನೆಯ ತರಗತಿಯ ಮಗಳಿಗೆ ಬಂದೀತು. ನಲವತ್ತು ಪುಟದ ನೋಟುಪುಸ್ತಕದಲ್ಲಿ ನಾಲ್ಕು ಗೆರೆ ಎಳೆದರೆ ಸಾಕು: ತಾರೀಖು, ಮೀನಿನ ಹೆಸರು, ಎಷ್ಟು ಬುಟ್ಟಿ, ಬಂದ ಹಣ. ವಾರಕ್ಕೊಮ್ಮೆ ಸಂಘದವರು ಅದಕ್ಕೊಂದು ಸಹಿ ಹಾಕಿದರೆ ಮುಂದೆ ಯಾವ ನ್ಯಾಯಾಲಯದಲ್ಲಿಯೂ ಅದು ಬರಿಯ ಬಾಯಿಮಾತಾಗಿ ಉಳಿಯದು. ಬನಹಟ್ಟಿಯ ಕೂಲಿ ನೇಕಾರನ ಮಗಳಾದರೆ ಮೂರನೆಯ ಅಂಕಣದಲ್ಲಿ ಬುಟ್ಟಿಯ ಬದಲು ಸೀರೆ ಎಂದು ಬರೆದುಕೊಳ್ಳಬೇಕು, ಅಷ್ಟೆ.